ಮೊದಲು ತಾರೀಖು, ಆಮೇಲೆ ದಾರಿ: ಉದ್ಯೋಗದ ಗ್ರೀನ್ ಕಾರ್ಡ್ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಮಕ್ಕಳನ್ನೂ ಕರೆದುಕೊಂಡು ಇಷ್ಟು ಜನ ಬಂದಿದ್ದೀರಿ. ಅಮೆರಿಕದಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡ್ ವಿಷಯ ಎಷ್ಟು ಮನೆಗಳ ನಿದ್ದೆ ಕೆಡಿಸಿದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ನಾನು ವಕೀಲನಲ್ಲ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಅಮೆರಿಕಕ್ಕೆ ಬಂದು, ಈ ಸಾಲಿನಲ್ಲಿ ನಿಂತು, ಆಮೇಲೆ ನಮ್ಮ ಕೂಟದ ಹೊಸಬರಿಗೆ ಇದನ್ನು ಬಿಡಿಸಿ ಹೇಳುತ್ತಾ ಬಂದವನು. ನಿಮ್ಮ ಕಾಗದಪತ್ರ ನೋಡಿ ಸಲಹೆ ಕೊಡಬೇಕಾದವರು ವಕೀಲರೇ. ಆದರೆ ಅವರ ಎದುರು ಕೂತಾಗ ಏನು ಕೇಳಬೇಕು ಅನ್ನುವುದು ನಮಗೆ ಗೊತ್ತಿರಬೇಕು, ಅಲ್ವಾ? ಅದಕ್ಕೇ ಈ ಮಾತು.

ಜಾಸ್ತಿ ಜನ ಕೇಳುವ ಪ್ರಶ್ನೆ ಒಂದೇ. ಉದ್ಯೋಗದ ಗ್ರೀನ್ ಕಾರ್ಡ್ ವರ್ಗಗಳಾದ ಇಬಿ-1, ಇಬಿ-2, ಇಬಿ-3, ಇವುಗಳಲ್ಲಿ ಯಾವುದು ಒಳ್ಳೆಯದು? ಹೆಸರಲ್ಲೇ ಒಂದು, ಎರಡು, ಮೂರು ಇರುವುದರಿಂದ ಶಾಲೆಯ ರ‍್ಯಾಂಕ್ ಪಟ್ಟಿಯ ಹಾಗೆ ಕಾಣುತ್ತದೆ. ಇಬಿ-3 ಅಂದರೆ ಮರ್ಯಾದೆ ಕಡಿಮೆ ಅಂದುಕೊಂಡು ಬೇಡ ಅನ್ನುವವರೂ ಇದ್ದಾರೆ. ಭಾರತದಲ್ಲಿ ಹುಟ್ಟಿದವರು ಹಾಗೆ ಯೋಚಿಸಿದರೆ ನಷ್ಟ ಅವರಿಗೇ. ನಮಗೆ ಮೊದಲು ಬೇಕಾದದ್ದು ಪ್ರಯಾರಿಟಿ ಡೇಟ್, ಅಂದರೆ ನಾವು ಸಾಲಿಗೆ ಸೇರಿದ ತಾರೀಖು. ದಾರಿಯನ್ನು ಆಮೇಲೆ ಬದಲಾಯಿಸಬಹುದು. ತಾರೀಖನ್ನು ಹಿಂದಕ್ಕೆ ಎಳೆಯಲು ಆಗುವುದಿಲ್ಲ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಲೆಕ್ಕ ನೋಡೋಣ. 1990ರ ಕಾನೂನು ಉದ್ಯೋಗದ ಗ್ರೀನ್ ಕಾರ್ಡ್‌ಗಳನ್ನು ವರ್ಷಕ್ಕೆ 1,40,000 ಎಂದು ಇಟ್ಟಿತು. ಈ ಸಂಖ್ಯೆಯಲ್ಲಿ ಹೆಂಡತಿ, ಗಂಡ, ಮಕ್ಕಳೂ ಸೇರಿದ್ದಾರೆ. ನಾಲ್ಕು ಜನರ ಸಂಸಾರಕ್ಕೆ ನಾಲ್ಕು ಕಾರ್ಡ್ ಹೋಗುತ್ತದೆ. ಇಬಿ-1, 2, 3ಕ್ಕೆ ತಲಾ ಸುಮಾರು 40,000. ಇದರ ಮೇಲೆ, ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಐಸ್‌ಲೆಂಡಿಗೂ ಅದೇ ಮಿತಿ, ಭಾರತಕ್ಕೂ ಅದೇ ಮಿತಿ. ಹೀಗಾಗಿ ಒಂದೊಂದು ವರ್ಗದಲ್ಲಿ ನಮ್ಮ ಪಾಲು ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿದದ್ದು ಸಿಕ್ಕರೆ ಅದು ಮೇಲೆ. ಕೇಟೋ ಇನ್‌ಸ್ಟಿಟ್ಯೂಟ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಾಗ ಸಾಲಿನಲ್ಲಿದ್ದ ಭಾರತೀಯರು ಸುಮಾರು 11 ಲಕ್ಷ. ಹೊಸದಾಗಿ ಸೇರುವವರು ಕಾಯಬೇಕಾದದ್ದು 134 ವರ್ಷ ಎಂದು ಅವರು ಬರೆದರು. ಹುಟ್ಟಿದ ಊರಿನ ಕಾರಣಕ್ಕೆ ಒಬ್ಬ ಮನುಷ್ಯನನ್ನು ಆಯುಸ್ಸಿಗಿಂತ ಜಾಸ್ತಿ ಕಾಯಿಸುವ ಈ ಕಾನೂನು ಅನ್ಯಾಯದ್ದು ಅಂತಲೇ ನಾನು ಹೇಳುತ್ತೇನೆ. ಅದು ಬದಲಾಗುವವರೆಗೆ ಇದರೊಳಗೇ ದಾರಿ ಹುಡುಕಬೇಕು.

ಸಾಲು ಎಲ್ಲಿಯವರೆಗೆ ಬಂದಿದೆ ಅನ್ನುವುದನ್ನು ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಹಾಕುತ್ತದೆ. 2025ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಭಾರತಕ್ಕೆ ಇಬಿ-1ರ ಅಂತಿಮ ತಾರೀಖು, ಅಂದರೆ ಯಾವ ತಾರೀಖಿಗಿಂತ ಮೊದಲು ಸಾಲಿಗೆ ಸೇರಿದವರಿಗೆ ಕಾರ್ಡ್ ಸಿಗುತ್ತದೋ ಅದು, 2022ರ ಫೆಬ್ರುವರಿ 15. ಇಬಿ-2ರದ್ದು 2013ರ ಜನವರಿ 1. ಇಬಿ-3ರದ್ದು 2013ರ ಮೇ 22. ಗಮನಿಸಿ, ಆಗ ಇಬಿ-3 ಇಬಿ-2ಕ್ಕಿಂತ ಮುಂದಿತ್ತು.

ಈ ಎರಡು ಸಾಲುಗಳ ಓಟ ಹಿಂದೆಯೂ ಹೀಗೇ ಏರುಪೇರಾಗಿದೆ. 2020ರ ಅಕ್ಟೋಬರ್‌ನಲ್ಲಿ ಇಬಿ-3ರಲ್ಲಿ ಅರ್ಜಿ ಹಾಕಲು 2015ರ ಜನವರಿಯವರೆಗೆ ಬಾಗಿಲು ತೆರೆಯಿತು. ಇಬಿ-2 ಆಗ 2011ರ ಮೇನಲ್ಲೇ ನಿಂತಿತ್ತು. ಸಾವಿರಾರು ಜನ ಡೌನ್‌ಗ್ರೇಡ್ ಮಾಡಿಸಿದರು, ಅಂದರೆ ಇಬಿ-3ರಲ್ಲಿ ಇನ್ನೊಂದು ಐ-140 (ಸಾಮಾನ್ಯವಾಗಿ ಕಂಪನಿ ನಮಗಾಗಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಹಾಕಿಸಿದರು. ಕೋವಿಡ್‌ನಿಂದ ಕಾನ್ಸುಲೇಟ್‌ಗಳು ಮುಚ್ಚಿದ್ದವು. ಕುಟುಂಬ ವೀಸಾಗಳಲ್ಲಿ ಉಳಿದ ಸಂಖ್ಯೆ ಉದ್ಯೋಗದ ಕಡೆಗೆ ಬಂತು, ಕಾರ್ಡ್‌ಗಳ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಆಗ ಓಡಿದ್ದು ಇಬಿ-2! 2022ರ ಸೆಪ್ಟೆಂಬರ್‌ನಲ್ಲಿ ಅದು 2014ರ ಡಿಸೆಂಬರ್ 1ಕ್ಕೆ ಬಂದಿತ್ತು, ಇಬಿ-3 ಮಾತ್ರ 2012ರ ಫೆಬ್ರುವರಿಯಲ್ಲೇ ಇತ್ತು. ಇಬಿ-3ಕ್ಕೆ ಹೋದವರು ಮತ್ತೆ ಇಬಿ-2ಕ್ಕೆ ಬದಲಾಯಿಸಿ ಅಂತ ಪತ್ರ ಬರೆಯಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಬಿ-2 ಹಿಂದಕ್ಕೆ ಸರಿದು 2011ರ ಅಕ್ಟೋಬರ್‌ಗೆ ಬಂದು ಕೂತಿತು. ಮುಂದಿನ ವರ್ಷ ಯಾವ ಸಾಲು ಓಡುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಎರಡರಲ್ಲೂ ಐ-140 ಮಂಜೂರಾಗಿದ್ದರೆ ಯಾವುದು ಮೊದಲು ಬಂದರೂ ಹತ್ತಬಹುದು.

ಈಗ ತಾರೀಖು ಹಿಡಿಯುವ ಬಗ್ಗೆ. ಮಾಮೂಲಿ ದಾರಿ ಪರ್ಮ್, ಅಂದರೆ ಕಾರ್ಮಿಕ ಇಲಾಖೆಯ ಒಪ್ಪಿಗೆ. ನಿಮ್ಮ ಕಂಪನಿ ಕಾರ್ಮಿಕ ಇಲಾಖೆಯಿಂದ ಸಂಬಳದ ಮಟ್ಟ ಗೊತ್ತು ಮಾಡಿಸಿಕೊಳ್ಳಬೇಕು. ಪೇಪರ್‌ನಲ್ಲಿ ಎರಡು ಭಾನುವಾರ ಜಾಹೀರಾತು ಕೊಡಬೇಕು, ಅರ್ಹ ಅಮೆರಿಕನ್ನರು ಸಿಗಲಿಲ್ಲ ಅಂತ ತೋರಿಸಬೇಕು. ಆಮೇಲೆ ಪರ್ಮ್ ಅರ್ಜಿ. ಅದನ್ನು ಹಾಕಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ಮಂಜೂರಾಗಲು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು, ಅದರ ಹಿಂದೆ ಸಂಬಳದ ಕಾಗದಕ್ಕೂ ತಿಂಗಳುಗಟ್ಟಲೆ ಬೇಕು. ಆದ್ದರಿಂದ ಎಚ್-1ಬಿಯ ಐದನೇ ವರ್ಷದವರೆಗೆ ಸುಮ್ನೆ ಕೂರಬೇಡಿ. ಕೆಲಸಕ್ಕೆ ಸೇರುವ ಮಾತುಕತೆಯಲ್ಲೇ ಕೇಳಿ: ಪರ್ಮ್ ಯಾವಾಗ ಶುರು ಮಾಡುತ್ತೀರಿ? ಕೇಳಲು ನಾಚಿಕೆ ಪಡುವ ವಿಷಯ ಅಲ್ಲ ಇದು.

ಪರ್ಮ್ ಆದ ಮೇಲೆ ಐ-140. ಇದು ಮಂಜೂರಾದರೆ ಮೂರು ದೊಡ್ಡ ಲಾಭ. ಆರು ವರ್ಷದ ಗಡುವು ದಾಟಿ ಎಚ್-1ಬಿಯನ್ನು ಮೂರು ಮೂರು ವರ್ಷ ಮುಂದುವರಿಸಬಹುದು, ಇದು 2000ನೇ ಇಸವಿಯ ಎಸಿ-21 ಕಾನೂನು ಕೊಟ್ಟ ಹಕ್ಕು. ಎಚ್-4, ಅಂದರೆ ಎಚ್-1ಬಿಯವರ ಕುಟುಂಬದ ವೀಸಾದಲ್ಲಿರುವ ಹೆಂಡತಿಗೋ ಗಂಡನಿಗೋ ಕೆಲಸದ ಪರವಾನಗಿ ಕೇಳಬಹುದು, ಇದು 2015ರಿಂದ ಇದೆ. ಮೂರನೆಯದು, ತಾರೀಖು ನಿಮ್ಮದಾಗುತ್ತದೆ. ಮಂಜೂರಾತಿ ಸಿಕ್ಕಿ 180 ದಿನ ಕಳೆದ ಮೇಲೆ ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ನಿಮ್ಮ ಎಚ್-1ಬಿ ಮುಂದುವರಿಕೆಗೆ ತೊಂದರೆ ಇಲ್ಲ. ಹೊಸ ಕಂಪನಿ ಪರ್ಮ್, ಐ-140 ಎರಡನ್ನೂ ಹೊಸದಾಗಿ ಮಾಡಬೇಕು, ಆದರೆ ಹಳೆಯ ತಾರೀಖೇ ಉಳಿಯುತ್ತದೆ. ಇಬಿ-3ರಲ್ಲಿ ಹಿಡಿದ ತಾರೀಖನ್ನು ಮುಂದೆ ಇಬಿ-2ಕ್ಕೆ, ಇಬಿ-1ಕ್ಕೆ ಕೂಡ ಒಯ್ಯಬಹುದು. ಮೊದಲು ತಾರೀಖು ಅಂದದ್ದು ಇದಕ್ಕೇ.

ಇಬಿ-2 ಅಥವಾ ಇಬಿ-3 ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಓದು ಮಾತ್ರ ಅಲ್ಲ, ಆ ಕೆಲಸಕ್ಕೆ ಏನು ಬೇಕು ಅನ್ನುವುದು. ಕೆಲಸಕ್ಕೆ ಮಾಸ್ಟರ್ಸ್, ಇಲ್ಲವೇ ಬ್ಯಾಚುಲರ್ ಜೊತೆಗೆ ಐದು ವರ್ಷದ ಅನುಭವ ಬೇಕು ಅಂತ ಕಂಪನಿ ಹೇಳಿದರೆ ಇಬಿ-2. ಬಿ.ಇ. ಮಾಡಿದವರಿಗೆ ನಾಲ್ಕು ವರ್ಷದ ಡಿಗ್ರಿ ಇದೆ, ತೊಂದರೆ ಕಡಿಮೆ. ಬಿ.ಎಸ್ಸಿ., ಬಿ.ಕಾಂ., ಬಿಸಿಎ ಮಾಡಿದವರು ಎಚ್ಚರವಾಗಿರಬೇಕು. ಮೂರು ವರ್ಷದ ಡಿಗ್ರಿಯನ್ನು ಇಲ್ಲಿನ ನಾಲ್ಕು ವರ್ಷದ್ದಕ್ಕೆ ಸಮ ಅಂತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರಿಗೆ ಬರೀ ಡಿಗ್ರಿ ಮತ್ತು ಐದು ವರ್ಷ ಅನುಭವದ ಮೇಲೆ ಇಬಿ-2 ಹಾಕಿಸಿದರೆ ತಿರಸ್ಕಾರ ಆಗಬಹುದು. ಪರ್ಮ್‌ನಲ್ಲಿ ಸರಿಯಾಗಿ ಬರೆಸಿದರೆ ಇಬಿ-3ರಲ್ಲಿ ದಾರಿ ಇದೆ. ಈ ಮಾತನ್ನು ವಕೀಲರ ಹತ್ತಿರ ಮೊದಲ ದಿನವೇ ಆಡಿ. ಇನ್ನೊಂದು, ಬೆಂಗಳೂರು ಮೈಸೂರಿನ ಹಳೆಯ ಕಂಪನಿಗಳಿಂದ ಅನುಭವ ಪತ್ರ ಈಗಲೇ ತರಿಸಿ ಇಡಿ. ಕಂಪನಿ ಮುಚ್ಚಿಹೋದ ಮೇಲೆ, ಮ್ಯಾನೇಜರ್ ಎಲ್ಲೋ ಹೋದ ಮೇಲೆ ಆ ಪತ್ರ ಹುಡುಕುವುದು ಬಹಳ ಕಷ್ಟ.

ಎನ್‌ಐಡಬ್ಲ್ಯೂ ಬಗ್ಗೆ, ಅಂದರೆ ದೇಶದ ಹಿತಕ್ಕಾಗಿ ಪರ್ಮ್ ಬಿಟ್ಟುಕೊಡುವ ವಿನಾಯಿತಿಯ ಬಗ್ಗೆ, ತುಂಬಾ ತಪ್ಪು ತಿಳಿವಳಿಕೆ ಇದೆ. ಕಂಪನಿ ಬೇಡ, ಪರ್ಮ್ ಬೇಡ, ನಾವೇ ಹಾಕಿಕೊಳ್ಳಬಹುದು, ಇದೆಲ್ಲ ನಿಜ. 2016ರ ಧನಸಾರ್ ತೀರ್ಪು ಮೂರು ವಿಷಯ ಕೇಳುತ್ತದೆ. ನಿಮ್ಮ ಕೆಲಸಕ್ಕೆ ದೇಶದ ಮಟ್ಟದ ಮಹತ್ವ ಇದೆಯೇ, ಅದನ್ನು ಮುಂದಕ್ಕೆ ಒಯ್ಯುವ ಶಕ್ತಿ ನಿಮಗಿದೆಯೇ, ಪರ್ಮ್ ಬಿಟ್ಟುಕೊಡುವುದರಿಂದ ಅಮೆರಿಕಕ್ಕೆ ಒಳ್ಳೆಯದೇ. ಆದರೆ ಇದು ಇಬಿ-2ರ ಒಳಗಿನ ದಾರಿ. ನಿಲ್ಲುವುದು ಅದೇ ಸಾಲಿನಲ್ಲಿ! ಭಾರತದಲ್ಲಿ ಹುಟ್ಟಿದವರಿಗೆ ಕಾಯುವುದು ಒಂದು ದಿನವೂ ಕಡಿಮೆ ಆಗುವುದಿಲ್ಲ. ಪರ್ಮ್ ಮಾಡದ ಕಂಪನಿಯಲ್ಲಿರುವವರಿಗೆ, ಪಿಎಚ್‌ಡಿ ಮಾಡುತ್ತಿರುವವರಿಗೆ, ಬೇಗ ತಾರೀಖು ಹಿಡಿಯಲು ಇದು ಒಳ್ಳೆಯದು. ಕಂಪನಿಯ ಐ-140 ಆಗಲೇ ಕೈಯಲ್ಲಿದ್ದರೆ ಇದಕ್ಕೆ ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸಿ.

ನಿಜವಾಗಿ ಕಾಯುವುದನ್ನು ಕಡಿಮೆ ಮಾಡುವುದು ಇಬಿ-1. ಇದರಲ್ಲಿ ಮೂರು ಬಗೆ. ವಿಶ್ವವಿದ್ಯಾಲಯದಲ್ಲೋ ಸಂಶೋಧನೆಯಲ್ಲೋ ಹೆಸರು ಮಾಡಿರುವವರಿಗೆ ಇಬಿ-1ಬಿ. ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಕಡೇಪಕ್ಷ ಒಂದು ವರ್ಷ ಮ್ಯಾನೇಜರ್ ಆಗಿದ್ದು, ಇಲ್ಲೂ ಮ್ಯಾನೇಜರ್ ಕೆಲಸಕ್ಕೇ ಬಂದವರಿಗೆ ಇಬಿ-1ಸಿ. ಹುದ್ದೆಯ ಹೆಸರು ಸಾಲದು, ಜನರನ್ನೋ ಒಂದು ಮುಖ್ಯ ವಿಭಾಗವನ್ನೋ ನಡೆಸಿರಬೇಕು. ಇಬಿ-1ಎ ಅಸಾಧಾರಣ ಸಾಮರ್ಥ್ಯದವರಿಗೆ. ಹತ್ತು ಮಾನದಂಡಗಳಲ್ಲಿ ಮೂರನ್ನು ತೋರಿಸಬೇಕು. ಅಲ್ಲಿಗೆ ಮುಗಿಯಲಿಲ್ಲ, ಒಟ್ಟಾರೆ ನೋಡಿದರೆ ನೀವು ಆ ಕ್ಷೇತ್ರದ ಮೇಲಿನ ಸಾಲಿನವರೇ ಅಂತ ಅಧಿಕಾರಿ ಮತ್ತೆ ತೂಗುತ್ತಾರೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ದುಡ್ಡು ಕೊಟ್ಟರೆ ಪ್ರಶಸ್ತಿ, ದುಡ್ಡು ಕೊಟ್ಟರೆ ಲೇಖನದಲ್ಲಿ ಹೆಸರು, ತೀರ್ಪುಗಾರರ ಪಟ್ಟ, ಇವನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಮೋಸ ಅಂತ ಒಮ್ಮೆ ದಾಖಲಾದರೆ ಜೀವನಪೂರ್ತಿ ಈ ದೇಶದ ಬಾಗಿಲು ಮುಚ್ಚಬಹುದು. ನಿಜವಾದ ಕೆಲಸ ಮಾಡಿರುವ ಎಷ್ಟೋ ಜನ ನಮ್ಮಲ್ಲಿದ್ದಾರೆ. ಅವರು ಸುಮ್ಮನಿರುತ್ತಾರೆ. ಪೇಟೆಂಟ್, ಪ್ರಬಂಧ, ಬೇರೆಯವರು ನಿಮ್ಮ ಕೆಲಸ ಬಳಸಿದ ದಾಖಲೆ, ಎಲ್ಲವನ್ನೂ ವರ್ಷ ವರ್ಷ ಕೂಡಿಸಿಡಿ.

ಇಬಿ-5, ಅಂದರೆ ಬಂಡವಾಳ ಹೂಡುವವರ ವರ್ಗದ ಬಗ್ಗೆ ಎರಡೇ ಮಾತು. ಹಳ್ಳಿಗಾಡಿನ ಅಥವಾ ನಿರುದ್ಯೋಗ ಜಾಸ್ತಿ ಇರುವ ಕಡೆಯ ಯೋಜನೆಯಲ್ಲಿ 8 ಲಕ್ಷ ಡಾಲರ್ ಹಾಕಬೇಕು, ಹತ್ತು ಜನರಿಗೆ ಕೆಲಸ ಸೃಷ್ಟಿಯಾಗಬೇಕು. ರೂಪಾಯಿಯಲ್ಲಿ ಸುಮಾರು ಏಳು ಕೋಟಿ. ಊರಿನ ಸೈಟು ಮಾರಿ ಕೊಡುತ್ತೇವೆ ಅನ್ನುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. ಆ ದುಡ್ಡು ಮುಳುಗಬಹುದು, ಇದು ಬ್ಯಾಂಕ್ ಠೇವಣಿ ಅಲ್ಲ. ಹೆತ್ತವರ ಮುಪ್ಪಿನ ಆಸರೆಯನ್ನು ಇದಕ್ಕೆ ಇಡಬೇಡಿ.

ನೀವು ಯಾವ ದೇಶದ ಸಾಲಿಗೆ ಸೇರುತ್ತೀರಿ ಅನ್ನುವುದಕ್ಕೆ ಪಾಸ್‌ಪೋರ್ಟ್ ನೋಡುವುದಿಲ್ಲ, ಹುಟ್ಟಿದ ಜಾಗ ನೋಡುತ್ತಾರೆ. ಮಂಗಳೂರು, ಉಡುಪಿ ಕಡೆಯವರು ಇಲ್ಲಿ ಕಿವಿಗೊಡಿ. ಅಪ್ಪ ಅಮ್ಮ ಕುವೈತ್‌ನಲ್ಲೋ ದುಬೈನಲ್ಲೋ ಇದ್ದಾಗ ನೀವು ಅಲ್ಲಿ ಹುಟ್ಟಿದ್ದರೆ ನೀವು ಆ ದೇಶದ ಲೆಕ್ಕಕ್ಕೆ ಬರುತ್ತೀರಿ, ಭಾರತದ ಸಾಲಿಗಲ್ಲ. ನಿಮ್ಮ ಹೆಂಡತಿ ಅಥವಾ ಗಂಡ ಅಲ್ಲಿ ಹುಟ್ಟಿದ್ದರೂ ಇಬ್ಬರೂ ಒಟ್ಟಿಗೆ ಅರ್ಜಿ ಹಾಕುವಾಗ ಆ ದೇಶದ ಲೆಕ್ಕ ಹಿಡಿಯಬಹುದು. ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ.

ಇನ್ನು ಮಕ್ಕಳ ವಿಷಯ. ನನ್ನ ಪ್ರಕಾರ ದಾರಿ ಆರಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಕ್ಕಳು ಇಲ್ಲೇ ಹುಟ್ಟಿದ್ದರೆ ಅವರು ಈ ದೇಶದ ಪ್ರಜೆಗಳು. ಆಗ ನೀವು ಇಬಿ-2, ಇಬಿ-3ರಲ್ಲೇ ಕಾಯಬಹುದು. ಊರಲ್ಲಿ ಹುಟ್ಟಿ ಎಚ್-4 ಮೇಲೆ ಬಂದ ಮಗುವಿನ ಕಥೆ ಬೇರೆ. 21 ತುಂಬಿದ ದಿನ ಆ ಮಗು ನಿಮ್ಮ ಅರ್ಜಿಯಿಂದ ಹೊರಗೆ. 2002ರ ಕಾನೂನಿನಂತೆ ಐ-140 ಬಾಕಿ ಇದ್ದಷ್ಟು ದಿನವನ್ನು ವಯಸ್ಸಿನಿಂದ ಕಳೆಯಬಹುದು. ಪ್ರೀಮಿಯಂ ದುಡ್ಡು ಕಟ್ಟಿ ಬೇಗ ಮಾಡಿಸಿದರೆ ಕಳೆಯಲು ದಿನಗಳೂ ಕಡಿಮೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 2025ರ ಆಗಸ್ಟ್ 15ರಿಂದ ವಯಸ್ಸಿನ ಲೆಕ್ಕಕ್ಕೆ ಬುಲೆಟಿನ್‌ನ ಅಂತಿಮ ತಾರೀಖಿನ ಪಟ್ಟಿಯನ್ನೇ ಹಿಡಿಯುತ್ತಾರೆ, ಅರ್ಜಿ ಹಾಕುವ ತಾರೀಖಿನ ಪಟ್ಟಿ ಹಿಡಿಯುತ್ತಿದ್ದ ಮೊದಲಿನ ಅನುಕೂಲ ಹೋಯಿತು. ನಿಮ್ಮ ಮಗಳಿಗೆ ಈಗ ಹತ್ತು ವರ್ಷ, ನಿಮ್ಮ ತಾರೀಖು ಮೊನ್ನೆ ಮೊನ್ನೆಯದು ಅಂದರೆ, ಇಬಿ-2ರಲ್ಲಿ ಅವಳಿಗೆ ಕಾರ್ಡ್ ಸಿಗುವ ಹಾಗೆ ಕಾಣುವುದಿಲ್ಲ. ಇಬಿ-1ಕ್ಕೆ ಈಗಿನಿಂದಲೇ ಸಿದ್ಧರಾಗುವುದೋ, ಕೆನಡಾ ನೋಡುವುದೋ, ಊರಿಗೆ ಮರಳುವುದೋ, ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ. ಮಗಳಿಗೂ ತಿಳಿಸಿ. ಇಪ್ಪತ್ತನೇ ವಯಸ್ಸಿನಲ್ಲಿ ಕಾಲೇಜಿನ ಮಧ್ಯೆ ಅವಳಿಗೆ ಗೊತ್ತಾಗುವುದು ಬೇಡ.

ಕೊನೆಗೆ ಎರಡು ಕೆಲಸದ ಮಾತು. ಪರ್ಮ್ ಖರ್ಚು, ವಕೀಲರ ಫೀಸು ಸೇರಿ, ಕಂಪನಿಯೇ ಕೊಡಬೇಕು ಅಂತ ನಿಯಮ ಇದೆ. ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ಹಾಗೇ, ಐ-140 ಕಂಪನಿಯ ಅರ್ಜಿ ಆಗಿರುವುದರಿಂದ ಮಂಜೂರಾತಿ ಪತ್ರದ ಪ್ರತಿ ಕೊಡದೆ ಇರುವವರೂ ಇದ್ದಾರೆ. ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅಡಿ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೇ ಅರ್ಜಿ ಹಾಕಬಹುದು. ಮುಂದಿನ ಕಂಪನಿ ನಿಮ್ಮ ಹಳೆಯ ತಾರೀಖು ಉಳಿಸಿಕೊಡಲು ಮೊದಲು ಕೇಳುವುದು ಅದೇ ಪತ್ರ.

ಈಗ ನಿಮ್ಮ ಪ್ರಶ್ನೆಗಳು. ಮಕ್ಕಳಿಗೆ 15 ದಾಟಿರುವವರು ಮೊದಲು ಕೇಳಿ.