ಟ್ರೌಟ್ ಹಿಡಿಯಬೇಕಾ? ಹಿಂದಿನಿಂದ ಹೋಗಿ

ಕೇಳುಗರಿಗೆಲ್ಲ ನಮಸ್ಕಾರ.

ಮೊದಲ ಮಳೆಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು, ಬಂತು ಅಂದರೆ ಮೀನು ಹಿಡಿಯುವ ಕೂಣಿ ಹಿಡಿದು ಓಡುವ ಊರು ನಮ್ಮದು. ತುಂಗೆ ದಡದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿ ಕೂರುವವರಿಗೂ ಕಡಿಮೆ ಇಲ್ಲ. ಅವರಲ್ಲಿ ಕೆಲವರು ಕುಲು, ಮುನ್ನಾರ್ ಕಡೆ ಟೂರ್ ಹೋಗಿ ಬಂದು, ಅಲ್ಲಿನ ತಣ್ಣೀರ ಹೊಳೆಯ ಟ್ರೌಟ್ ಮೀನಿನ ಬಗ್ಗೆ ನನ್ನನ್ನು ಕೇಳುತ್ತಾರೆ. "ಸಾರ್, ಟ್ರೌಟ್ ಕಣ್ಣೆದುರೇ ಇರುತ್ತೆ, ಗಾಳ ಮಾತ್ರ ಮುಟ್ಟಲ್ಲ, ಯಾಕೆ?" ಯಾಕೆ ಅಂದರೆ, ನೀವು ಅದನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿ ಆಗಿರುತ್ತದೆ. ಇವತ್ತು ನಾನು ಹೇಳುವುದು ಇದೊಂದೇ ಮಾತು. ಹಿಂದಿನಿಂದ ಹೋಗಿ.

ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಊಟ ತೇಲಿ ಬರುವುದು ಹೊಳೆಯ ಮೇಲ್ಗಡೆಯಿಂದ ಅಲ್ವಾ? ಮುಂದೆ, ಪಕ್ಕ, ಮೇಲೆ, ಎಲ್ಲ ಕಡೆ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಬೆನ್ನ ಹಿಂದೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಹೊಳೆಯ ಕೆಳಗಿನಿಂದ ಮೇಲಕ್ಕೆ ನಡೆಯಬೇಕು.

ನಮ್ಮ ದೇಶದಲ್ಲಿ ಮುಖ್ಯವಾಗಿ ಸಿಗುವುದು ಎರಡು ಜಾತಿ. ಎರಡೂ ಹೊರಗಿನವು. ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪೆಸಿಫಿಕ್ ಕಡೆಯದು. ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ, ಬಾಲದ ಮೇಲೂ ಕಪ್ಪು ಚುಕ್ಕೆ. ಗಾಳ ಕಚ್ಚಿದ ತಕ್ಷಣ ನೀರಿಂದ ಮೇಲಕ್ಕೆ ಹಾರುತ್ತದೆ. ದಾರ ಒಂದು ಕ್ಷಣ ಸಡಿಲವಾದರೂ ಕೊಕ್ಕೆ ಉಗಿದು ಹೋಗುತ್ತದೆ. ನೀಲಗಿರಿಯಲ್ಲಿ ನೆಲೆ ನಿಂತದ್ದು ಇದೇ. ಅಲ್ಲಿನ ಅವಲಾಂಚಿಯಲ್ಲಿ 1907ರಲ್ಲೇ ಮರಿ ಮಾಡುವ ಕೇಂದ್ರ ಶುರುವಾಯಿತು.

ಇನ್ನು ಬ್ರೌನ್ ಟ್ರೌಟ್. ಯುರೋಪಿನದು. 1900ರ ಸುಮಾರಿಗೆ ಇಂಗ್ಲಿಷರು ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಬಿಟ್ಟರು. ಕಂದು ಮೈ, ಅದರ ಮೇಲೆ ಕಪ್ಪು, ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಮಾಸಲು ಉಂಗುರ. ನನಗೆ ಇದರ ಮೇಲೇ ಪ್ರೀತಿ ಜಾಸ್ತಿ. ಇದು ಹಾರಾಡುವುದಿಲ್ಲ. ಕಲ್ಲಿನ ಸಂದಿಗೆ, ಬೇರಿನ ಅಡಿಗೆ ನುಗ್ಗಿ ದಾರ ಕಡಿಸುತ್ತದೆ. ಹಗಲಲ್ಲಿ ಅಡಗಿದ್ದು ಸಂಜೆ ಹೊರಗೆ ಬರುತ್ತದೆ.

ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಒಬ್ಬ ಮುದುಕರು ಗಾಳ ಹಾಕುವುದನ್ನು ನೋಡಿದ್ದೇನೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಅವರು ಬಂದವರೇ ನೀರಿನ ಹತ್ತಿರ ಹೋಗಲಿಲ್ಲ. ಗುಂಡಿಯಿಂದ ದೂರ, ಕೆಳಗಡೆ, ಸುಮ್ನೆ ಕುಕ್ಕರಗಾಲಲ್ಲಿ ಕೂತರು. ಬೀಡಿ ಇಲ್ಲ, ಮಾತಿಲ್ಲ. ಆಮೇಲೆ ಕೈಗೆ ಸಿಕ್ಕ ಒಂದು ಕಲ್ಲು ನೀರಿಂದ ಎತ್ತಿ ಮಗುಚಿ ನನಗೆ ತೋರಿಸಿದರು. ಅಡಿಯಲ್ಲಿ ಸಣ್ಣ ಹುಳಗಳು. ಒಂದಕ್ಕೆ ಮೂರೆಳೆ ಬಾಲ. ಇನ್ನೊಂದು ಮರಳಿನ ಕಾಳು ಅಂಟಿಸಿಕೊಂಡು ಕೊಳವೆ ಕಟ್ಟಿ ಅದರೊಳಗೆ ಕೂತಿತ್ತು. ಟ್ರೌಟ್ ತಿನ್ನುವುದು ಅದನ್ನೇ. ಡಬ್ಬಿಯಿಂದ ಅದೇ ಬಣ್ಣದ ಫ್ಲೈ ತೆಗೆದು ಕಟ್ಟಿದರು. ಫ್ಲೈ ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳದ ಗೊಂಬೆ. ಆಮೇಲೆ ಮೊಣಕಾಲಲ್ಲಿ ತೆವಳುತ್ತಾ ಮೇಲಕ್ಕೆ ಹೋದರು. ಬಿಸಿಲು ಎದುರಿಗಿತ್ತು, ನೆರಳು ಹಿಂದೆ ಬೀಳುತ್ತಿತ್ತು. ಅದನ್ನೂ ನೋಡಿಕೊಂಡೇ ಆ ದಡ ಹಿಡಿದಿದ್ದರು. ಒಂದೇ ಸಲ ಬೀಸಿದರು. ಫ್ಲೈ ಬಂಡೆಗಿಂತ ಮೇಲ್ಗಡೆಯ ನೀರಿಗೆ ಬಿತ್ತು, ಬಂಡೆಯ ಪಕ್ಕ ತೇಲಿ ಬಂತು, ದಾರ ಜಗ್ಗಿತು. ಮೊಣಕೈಯಿಂದ ಬೆರಳ ತುದಿಯಷ್ಟುದ್ದದ ಬ್ರೌನ್! ಕೈ ಒದ್ದೆ ಮಾಡಿಕೊಂಡು ಹಿಡಿದರು, ಕೊಕ್ಕೆ ಬಿಡಿಸಿದರು, ಹರಿವಿಗೆ ಮುಖ ಮಾಡಿ ಹಿಡಿದುಕೊಂಡರು. ಅದಕ್ಕೆ ಶಕ್ತಿ ಬಂದ ಮೇಲೆ ಬಿಟ್ಟರು. ಅದೇ ಹೊತ್ತಿಗೆ ಎದುರು ದಡದಲ್ಲಿ ಒಂದು ಗುಂಪು ಕೆಂಪು ಜಾಕೆಟ್ ಹಾಕಿಕೊಂಡು, ನಿಂತುಕೊಂಡು, ಹೊಳೆಯ ಮೇಲ್ಗಡೆಯಿಂದ ಗಾಳ ಎಸೆಯುತ್ತಿತ್ತು. ಅವರಿಗೆ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಹಿಂದಿನಿಂದ ಹೋಗಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

 

ಮತ್ತೆ ಮತ್ತೆ ಬರುವ ಇನ್ನೊಂದು ಪ್ರಶ್ನೆ, ತುಂಗೆಗೆ ಟ್ರೌಟ್ ಮರಿ ಬಿಡಬಹುದಾ? ಬೇಡ. ಅದಕ್ಕೆ 20 ಡಿಗ್ರಿಗಿಂತ ತಣ್ಣಗಿರುವ, ಆಮ್ಲಜನಕ ತುಂಬಿದ ನೀರು ಬೇಕು. ನಮ್ಮ ಏಪ್ರಿಲ್ ನೀರಲ್ಲಿ ಅದು ಬದುಕುವುದಿಲ್ಲ. ನಮಗೆ ನಮ್ಮದೇ ಹೊಳೆಯ ಮೀನು ಮಹಶೀರ್ ಇದೆ, ಅದನ್ನು ಉಳಿಸಿಕೊಳ್ಳೋಣ.

ಹಿಮಾಚಲಕ್ಕೆ ಹೋಗುವವರು ಅಲ್ಲಿನ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಮಾಡಿಸಿಕೊಳ್ಳಿ. ನವೆಂಬರಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಹೋಗುವ ಮೊದಲು ಒಂದು ದಿನ ಶೃಂಗೇರಿಗೋ ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೋ ಹೋಗಿ ಬನ್ನಿ. ಅಲ್ಲಿ ಗಾಳ ಹಾಕುವ ಹಾಗಿಲ್ಲ, ಸುಮ್ನೆ ನೋಡಿ. ಜನ ಮೀನಿಗೆ ಮಂಡಕ್ಕಿ ಹಾಕುವ ಜಾಗ ಬಿಟ್ಟು, ನೀರು ಓಡುವ ಕಡೆ ನೋಡಿ. ಮೀನಿನ ತಲೆ ಯಾವ ಕಡೆಗಿದೆ, ನೀವು ಯಾವ ಕಡೆಯಿಂದ ಹೋದರೆ ಬೆದರುತ್ತದೆ, ಗಮನಿಸಿ. ನಮಸ್ಕಾರ.