ಮ್ಯೂಟೆಂಟ್ ಮರಿ ಆರೋಗ್ಯವಾಗಿದೆ ಅಂತ ತೊಟ್ಟಿ ಖಾಲಿ ಮಾಡಬೇಡಿ

ಜೀಬ್ರಾ ಮೀನು ಸಾಕುವ ಲ್ಯಾಬುಗಳಲ್ಲಿ ಒಂದು ಕೆಟ್ಟ ರೂಢಿ ಇದೆ. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಹಾಕಿ ಒಂದು ಜೀನ್ ಕೆಡಿಸುತ್ತಾರೆ. ಮೀನು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು ಮೂರು ತಿಂಗಳು, ಹಾಗೆ ಎರಡು ತಲೆಮಾರು ಕಾಯುತ್ತಾರೆ. ಕೊನೆಗೆ ತಾಯಿ-ತಂದೆಯಿಂದ ಬಂದ ಜೀನಿನ ಎರಡೂ ಪ್ರತಿ ಕೆಟ್ಟ ಮರಿಗಳು, ಅಂದರೆ ಮ್ಯೂಟೆಂಟ್‌ಗಳು, ಕೈಗೆ ಬಂದಾಗ ನೋಡಿದರೆ, ಅವಕ್ಕೆ ಏನೂ ಆಗಿಲ್ಲ. ‘ಫೀನೋಟೈಪ್ ಇಲ್ಲ’ (ಕಾಣುವ ಬದಲಾವಣೆ ಇಲ್ಲ) ಅಂತ ಬರೆದಿಟ್ಟು ತೊಟ್ಟಿ ಖಾಲಿ ಮಾಡಿಬಿಡುತ್ತಾರೆ. ಇದು ತಪ್ಪು. ಏಕೆಂದು ತಿಳಿಯಲು ಜೀವವಿಜ್ಞಾನಿ ಡಿಡಿಯೆ ಸ್ಟೇನಿಯರ್ ಅವರ ಕೆಲಸ ನೋಡಬೇಕು.

ಬೆಲ್ಜಿಯಂ ಮೂಲದ ಸ್ಟೇನಿಯರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಆಮೇಲೆ ಜರ್ಮನಿಯ ಬಾಡ್ ನೌಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಹೃದಯ ಮತ್ತು ರಕ್ತನಾಳದ ಕೋಶಗಳ ಬೆನ್ನು ಹತ್ತಿದವರು. ಇದಕ್ಕೆ ಈ ಮೀನೇ ಸರಿ. ಭ್ರೂಣ ಗಾಜಿನ ಹಾಗೆ ಪಾರದರ್ಶಕ, 28.5 ಡಿಗ್ರಿಯಲ್ಲಿಟ್ಟರೆ ಒಂದೇ ದಿನಕ್ಕೆ ಹೃದಯ ಮಿಡಿಯುತ್ತದೆ. ರಕ್ತ ಹರಿಯದಿದ್ದರೂ ನೀರಿನಿಂದ ಚರ್ಮದ ಮೂಲಕವೇ ಆಮ್ಲಜನಕ ಸಿಗುವುದರಿಂದ ಮರಿ ಕೆಲವು ದಿನ ಬದುಕಿರುತ್ತದೆ. ಅಂಥದೇ ದೋಷವಿರುವ ಇಲಿಯ ಭ್ರೂಣ ಗರ್ಭದಲ್ಲೇ ಸತ್ತುಹೋಗುತ್ತದೆ.

1995ರಲ್ಲಿ ಅವರೂ ಸಹೋದ್ಯೋಗಿಗಳೂ ‘ಕ್ಲೋಶ್’ ಎಂಬ ಮ್ಯೂಟೆಂಟನ್ನು ವರ್ಣಿಸಿದರು. ಅದರಲ್ಲಿ ರಕ್ತಕೋಶಗಳೂ ರಕ್ತನಾಳದ ಒಳಪದರದ ಕೋಶಗಳೂ ಹೆಚ್ಚುಕಡಿಮೆ ಒಟ್ಟಿಗೇ ಇಲ್ಲವಾಗಿದ್ದವು. ಕೆಟ್ಟ ಜೀನ್ ಯಾವುದೆಂದು ಗೊತ್ತಾಗಿದ್ದು 2016ರಲ್ಲಿ. 13ನೇ ಕ್ರೋಮೋಸೋಮಿನ ತುತ್ತತುದಿಯಲ್ಲಿ ಕೂತಿದ್ದ ಆ ಜೀನನ್ನು ನಕ್ಷೆ ಹಾಕಿ ಹುಡುಕುವುದು ಬಲು ಕಷ್ಟವಾಗಿತ್ತು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು 2015ರ ಕೆಲಸ. ಆಗ ಜೀನ್ ಅಡಗಿಸಲು ಎಲ್ಲರೂ ನೆಚ್ಚಿಕೊಂಡಿದ್ದುದು ಮಾರ್ಫೊಲಿನೊ, ಅಂದರೆ ಜೀನಿನ ಸಂದೇಶಕ್ಕೆ ಅಂಟಿ ಅದನ್ನು ತಡೆಯುವ ಕೃತಕ ಅಣು. ಒಂದು ಕೋಶದ ಹಂತದಲ್ಲೇ, ಅಂದರೆ ಮೊಟ್ಟೆಯಿಟ್ಟು ಮುಕ್ಕಾಲು ಗಂಟೆ ಕಳೆಯುವುದರೊಳಗೆ, ಸುಮಾರು ಒಂದು ನ್ಯಾನೋಲೀಟರ್ ಚುಚ್ಚಬೇಕು. ಕೆಲವೇ ನ್ಯಾನೋಗ್ರಾಂ ಸಾಕು. ಪ್ರಮಾಣ ಮೀರಿದರೆ ಕೋಶವನ್ನು ಸಾಯಿಸಬಲ್ಲ ಪಿ53 ಎಂಬ ಪ್ರೋಟೀನ್ ಎದ್ದು ಕೋಶಗಳು ಸಾಯತೊಡಗುತ್ತವೆ, ಮರುದಿನ ತಲೆಭಾಗ ಬೂದುಗಟ್ಟಿರುತ್ತದೆ. ಇಜಿಎಫ್‌ಎಲ್7 ಎಂಬ ಜೀನಿಗೆ ಮಾರ್ಫೊಲಿನೊ ಕೊಟ್ಟಾಗ ರಕ್ತನಾಳಗಳು ಹಾಳಾದವು. ಅದೇ ಜೀನ್ ಕೆಟ್ಟ ಮ್ಯೂಟೆಂಟ್‌ಗಳಲ್ಲಿ ಬಹುಪಾಲು ಸರಿಯಾಗಿಯೇ ಇದ್ದವು. ಮಾರ್ಫೊಲಿನೊವೇ ಸುಳ್ಳು ಹೇಳುತ್ತಿದೆ ಎಂದು ತಳ್ಳಿಹಾಕುವುದು ಬಹಳ ಸುಲಭವಿತ್ತು.

ಅವರು ಮಾಡಿದ್ದು ಇಷ್ಟೇ: ಮ್ಯೂಟೆಂಟ್ ಭ್ರೂಣಕ್ಕೇ ಆ ಮಾರ್ಫೊಲಿನೊ ಚುಚ್ಚಿದರು. ವಿಷವಾಗಿದ್ದರೆ ಅಲ್ಲೂ ನಾಳಗಳು ಕೆಡಬೇಕಿತ್ತು. ಅಷ್ಟಾಗಿ ಕೆಡಲಿಲ್ಲ. ಅಂದಮೇಲೆ ಮ್ಯೂಟೆಂಟ್‌ನಲ್ಲಿ ಬೇರೇನೋ ಆ ಕೆಲಸಕ್ಕೆ ಹೆಗಲು ಕೊಡುತ್ತಿತ್ತು. ಹುಡುಕಿದಾಗ ಎಮಿಲಿನ್ ಕುಟುಂಬದ ಜೀನ್‌ಗಳು ಸಿಕ್ಕವು. ಅವು ಮ್ಯೂಟೆಂಟ್‌ನಲ್ಲಿ ಹೆಚ್ಚಾಗಿದ್ದವು, ಮಾರ್ಫೊಲಿನೊ ಕೊಟ್ಟವುಗಳಲ್ಲಿ ಹಾಗಾಗಿರಲಿಲ್ಲ. ಈ ಒಂದು ಹೋಲಿಕೆಯ ಪರೀಕ್ಷೆ (ಕಂಟ್ರೋಲ್) ಮಾಡದ ಪ್ರಬಂಧವನ್ನು, ಯಾವ ಪತ್ರಿಕೆಯಲ್ಲಿ ಬಂದಿರಲಿ, ನಾನು ಅರ್ಧಕ್ಕೇ ನಂಬುತ್ತೇನೆ.

2019ರಲ್ಲಿ ಅವರ ತಂಡವೂ ಚೀನಾದ ಇನ್ನೊಂದು ತಂಡವೂ ಇದರ ಕಾರಣ ಬಿಚ್ಚಿಟ್ಟವು. ಕ್ರಿಸ್ಪರ್ ಒಂದೆರಡು ಅಕ್ಷರ ಅಳಿಸಿದಾಗ ಓದು ತಪ್ಪಿ, ನಡುವೆಯೇ ನಿಲುಗಡೆ ಸಂಕೇತ ಬಂದುಬಿಡುತ್ತದೆ. ಅಂಥ ಎಂಆರ್‌ಎನ್‌ಎಯನ್ನು, ಅಂದರೆ ಜೀನಿನಿಂದ ಸಂದೇಶ ಒಯ್ಯುವ ಪ್ರತಿಯನ್ನು, ಕೋಶ ಒಡೆದುಹಾಕುತ್ತದೆ. ಆ ಒಡೆಯುವಿಕೆಯೇ ಅದನ್ನು ಹೋಲುವ ಜೀನ್‌ಗಳನ್ನು ಎಬ್ಬಿಸುತ್ತದೆ. ಮಾರ್ಫೊಲಿನೊ ಎಂಆರ್‌ಎನ್‌ಎಗೆ ಅಂಟಿಕೊಂಡು ಅಡ್ಡಿ ಮಾಡುತ್ತದೆಯೇ ಹೊರತು ಹೀಗೆ ಒಡೆಸುವುದಿಲ್ಲ, ಅದಕ್ಕೇ ಅಲ್ಲಿ ಹೆಗಲು ಕೊಡುವ ಜೀನ್‌ಗಳು ಏಳುವುದಿಲ್ಲ.

ಹಾಗಾಗಿ, ಬೆಂಗಳೂರಿನಲ್ಲಿರಲಿ ಬಾಸ್ಟನ್‌ನಲ್ಲಿರಲಿ, ಆರೋಗ್ಯವಂತ ಮ್ಯೂಟೆಂಟ್ ಕೈಗೆ ಬಂದಾಗ ಹೀಗೆ ಮಾಡಿ. ಒಂದೊಂದು ಪ್ರತಿ ಕೆಟ್ಟ ಒಂದೇ ಜೋಡಿಯ ಒಂದೇ ದಿನದ ಮರಿಗಳಿಗೆ ಟ್ರೈಕೇನ್ ಎಂಬ ಅರಿವಳಿಕೆ ಕೊಟ್ಟು ಬಾಲದ ತುದಿ ಕತ್ತರಿಸಿ ಜೀನೋಟೈಪ್ (ಯಾವ ಪ್ರತಿ ಕೆಟ್ಟಿದೆ ಎಂದು) ನೋಡಿ, ಉಳಿದ ದೇಹದಿಂದ ಆರ್‌ಎನ್‌ಎ ತೆಗೆಯಿರಿ. ನೋಡದೆ ಎಲ್ಲ ಮರಿಗಳನ್ನೂ ಬೆರೆಸಿದರೆ ಅರ್ಧದಷ್ಟು ಒಂದೇ ಪ್ರತಿ ಕೆಟ್ಟವು ಸೇರಿ, ವ್ಯತ್ಯಾಸ ಮಸುಕಾಗುತ್ತದೆ. ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ಗೆ ಎರಡು ಜೊತೆ ಪ್ರೈಮರ್ (ಗುರಿ ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಬೇಕು: ಒಂದು ಕೊನೆಯ ಎಂಆರ್‌ಎನ್‌ಎಯಲ್ಲಿ ಉಳಿಯುವ ಎಕ್ಸಾನ್‌ಗಳಿಗೆ, ಇನ್ನೊಂದು ಮೊದಲೇ ಕತ್ತರಿಸಿಹೋಗುವ ಇಂಟ್ರಾನ್‌ಗೆ. ಇಂಟ್ರಾನಿನ ಮಟ್ಟ ಹಾಗೇ ಇದ್ದು ಎಕ್ಸಾನಿನದು ಕುಸಿದಿದ್ದರೆ, ಆರ್‌ಎನ್‌ಎ ತಯಾರಾಗುತ್ತಿದೆ, ಆಮೇಲೆ ಒಡೆಯುತ್ತಿದೆ ಎಂದರ್ಥ. ಆಗ ಕ್ರಿಸ್ಪರ್‌ಗೆ ಜಾಗ ತೋರಿಸುವ ಎರಡು ಗೈಡ್ ಆರ್‌ಎನ್‌ಎ ಹಾಕಿ, ಜೀನ್ ಓದಲು ಶುರುಮಾಡುವ ಪ್ರೊಮೋಟರನ್ನೇ ಕತ್ತರಿಸಿದ ಇನ್ನೊಂದು ತಳಿ ಮಾಡಿ. ಎಂಆರ್‌ಎನ್‌ಎಯೇ ಹುಟ್ಟದಿದ್ದರೆ ಒಡೆಯಲು ಏನೂ ಇರುವುದಿಲ್ಲ, ಹೋಲುವ ಜೀನ್‌ಗಳೂ ಏಳುವುದಿಲ್ಲ.

ಇನ್ನೊಂದು ಬಲೆ ತಾಯಿಯ ಕಡೆಯಿಂದ. ಒಂದು ಪ್ರತಿ ಸರಿಯಿರುವ ತಾಯಿ ಮೊಟ್ಟೆಯೊಳಗೇ ತನ್ನ ಎಂಆರ್‌ಎನ್‌ಎ ತುಂಬಿ ಕಳಿಸಿರುತ್ತಾಳೆ, ಮೊದಲ ಗಂಟೆಗಳ ದೋಷ ಅದರಲ್ಲೇ ಮುಚ್ಚಿಹೋಗುತ್ತದೆ. ಮ್ಯೂಟೆಂಟ್ ಹೆಣ್ಣು ದೊಡ್ಡದಾಗುವಷ್ಟು ಬದುಕಿದರೆ ಅದರ ಮೊಟ್ಟೆಗಳನ್ನೇ ಪರೀಕ್ಷಿಸಬೇಕು. ಖಾಲಿ ಮಾಡಲು ಹೊರಟ ತೊಟ್ಟಿಯಲ್ಲಿ ಇರುವುದು ಅದೇ ಹೆಣ್ಣು ಮೀನು.