ಕದಿರಿಗೆ ಯಾರೂ ಗಿಫ್ಟ್ ಪೇಪರ್ ಸುತ್ತುವುದಿಲ್ಲ

ನಮಸ್ಕಾರ. ನನ್ನ ಕೈಯಲ್ಲಿರುವ ಈ ಚೂರನ್ನು ಸ್ವಲ್ಪ ನೋಡಿ. ಬಂಗಾರದ ಬಣ್ಣ, ಮೇಲೆ ನಕ್ಷತ್ರ. ಸೆಪ್ಟೆಂಬರಲ್ಲಿ ಮಳೆ ಬಿಟ್ಟಾಗ ಕಾಫಿ ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದೆವು. ಗುಂಡಿಯಿಂದ ಗೊಬ್ಬರ ಎತ್ತುವಾಗ ಇದು ಹೊಳೆಯುತ್ತಾ ಮೇಲೆ ಬಂತು. ಎರಡು ಮಳೆಗಾಲದ ಹಿಂದೆ ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಬಂದಿದ್ದ ಗಿಫ್ಟಿನ ಹೊದಿಕೆ ಇದು. ಕಾಗದ ತಾನೇ, ಕೊಳೆಯುತ್ತದೆ ಎಂದು ನಾನೇ ಗುಂಡಿಗೆ ಹಾಕಿದ್ದೆ. ಸಗಣಿ ಕೊಳೆತಿತ್ತು, ತರಗೆಲೆ ಕೊಳೆತಿತ್ತು, ಕಾಫಿ ಸಿಪ್ಪೆ ಕರಗಿ ಮಣ್ಣಾಗಿತ್ತು. ಇದು ಮಾತ್ರ ಹಾಗೇ ಇತ್ತು.

ಯಾಕೆಂದರೆ ಇದು ಕಾಗದ ಅಲ್ಲ. ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಣ್ಣಿಗೆ ಹಿಡಿಯದಷ್ಟು ತೆಳುವಾದ ಅಲ್ಯೂಮಿನಿಯಂ. ಕೆಲವು ಹಾಳೆಗಳಲ್ಲಿ ಕಾಗದವೂ ಇರುತ್ತದೆ, ಆದರೆ ಪ್ಲಾಸ್ಟಿಕ್ ಅಂಟಿಕೊಂಡಿರುತ್ತದೆ. ಎರಡನ್ನೂ ಬೇರೆ ಮಾಡುವುದು ಕಷ್ಟ, ಹಾಗಾಗಿ ಗುಜರಿಯವರಿಗೂ ಬೇಡ. ಗೊತ್ತುಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಹಾಳೆಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಸಾಮಾನ್ಯವಾಗಿ ಅದು ಕಾಗದ. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಮಿನುಗುವ ಗ್ಲಿಟರ್ ಪುಡಿಯೂ ಹೆಚ್ಚಾಗಿ ಪ್ಲಾಸ್ಟಿಕ್ಕೇ. ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರುವುದಕ್ಕೇ ಕಡಿವಾಣ ಹಾಕಿದೆ. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಸ್ವೀಟ್ ಬಾಕ್ಸಿಗೆ, ಆಮಂತ್ರಣ ಪತ್ರಿಕೆಗೆ ಪ್ಲಾಸ್ಟಿಕ್ ಹಾಳೆ ಸುತ್ತುವಂತಿಲ್ಲ.

ಇಲ್ಲಿ ಕೊಡಗಿನಲ್ಲಿ ನಮಗೆ ಇನ್ನೂ ಒಂದು ಜವಾಬ್ದಾರಿ ಇದೆ. ನಮ್ಮದು ಇಳಿಜಾರು. ತೋಟದಲ್ಲಿ ಬಿದ್ದದ್ದು ಮಳೆಗೆ ತೋಡಿಗೆ ಇಳಿಯುತ್ತದೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಅಂಗಳದಲ್ಲಿ ಸುಟ್ಟರೆ ಆ ಹೊಗೆ ಕುಡಿಯುವವರೂ ನಾವೇ, ನಮ್ಮ ಮಕ್ಕಳೇ.

ಈಗ ನಮ್ಮ ಸುಗ್ಗಿ ಹಬ್ಬ ಪುತ್ತರಿಯನ್ನು ನೆನಪು ಮಾಡಿಕೊಳ್ಳಿ. ಅಂದು ರಾತ್ರಿ ನೆರೆ ಕಟ್ಟುತ್ತೇವೆ. ಬೇರೆ ಬೇರೆ ಮರದ ಎಲೆಗಳನ್ನು ಜೋಡಿಸಿ ನಾರಿನಿಂದ ಬಿಗಿಯುತ್ತೇವೆ. ಗದ್ದೆಗೆ ಹೋಗಿ, ಕೋವಿ ಹಾರಿಸಿ, 'ಪೊಲಿ ಪೊಲಿ ದೇವಾ' ಎನ್ನುತ್ತಾ ಕದಿರು, ಅಂದರೆ ಹೊಸ ಭತ್ತದ ತೆನೆ, ತೆಗೆದು ಮನೆಗೆ ತರುತ್ತೇವೆ. ಆಮೇಲೆ ಆ ಕದಿರನ್ನು ಎಲೆಯ ಜೊತೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತೇವೆ. ವರ್ಷದಲ್ಲಿ ನಮ್ಮ ಮನೆಗೆ ಬರುವ ಎಲ್ಲಕ್ಕಿಂತ ದೊಡ್ಡ ಉಡುಗೊರೆ ಅದು, ಅಲ್ವಾ? ಅದಕ್ಕೆ ಎಲೆ ಸಾಕು, ನಾರು ಸಾಕು. ಹಾಗಿರುವಾಗ ಅಕ್ಕನ ಮಗಳಿಗೆ ಕೊಡುವ ಪುಸ್ತಕಕ್ಕೆ ಬಂಗಾರದ ಪ್ಲಾಸ್ಟಿಕ್ ಯಾಕೆ ಬೇಕು?

ನಾನು ಈಗ ಹೆಚ್ಚಾಗಿ ಬಳಸುವುದು ಬಟ್ಟೆ. ಟೈಲರ್ ಅಂಗಡಿಯಲ್ಲಿ ಉಳಿದ ತುಂಡು, ಅಂಚು ಹರಿದ ಹಳೆಯ ಹತ್ತಿ ಸೀರೆ, ಯಾವುದಾದರೂ ಆಗುತ್ತದೆ. ಚೌಕವಾಗಿ ಕತ್ತರಿಸಿ. ಮೂಲೆಯಿಂದ ಮೂಲೆಗೆ ಅಳೆದರೆ ಡಬ್ಬಿಯ ಉದ್ದದ ಮೂರರಷ್ಟು ಇರಲಿ. ಡಬ್ಬಿಯನ್ನು ಓರೆಯಾಗಿ ನಡುವೆ ಇಟ್ಟು, ಎದುರೆದುರಿನ ಎರಡು ಮೂಲೆ ಮೇಲಕ್ಕೆ ತಂದು ಗಂಟು ಹಾಕಿ, ಆಮೇಲೆ ಉಳಿದೆರಡು. ಟೇಪ್ ಬೇಡ. ಜಪಾನಿನವರು ಇದನ್ನು ಫುರೋಶಿಕಿ ಎನ್ನುತ್ತಾರೆ. ನಮ್ಮ ಅಜ್ಜಿಯರು ಗಂಟು ಎನ್ನುತ್ತಿದ್ದರು, ಅದರಲ್ಲೇ ಅಕ್ಕಿಯನ್ನೂ ಸೀರೆಯನ್ನೂ ಹೊತ್ತು ಬರುತ್ತಿದ್ದರು.

ಕಟ್ಟಲು ಬಾಳೆನಾರು. ಒಣಗಿದ ನಾರು ಎಳೆದರೆ ತುಂಡಾಗುತ್ತದೆ, ಮೊದಲು ನೀರಲ್ಲಿ ನೆನೆಸಿ. ಹೂ ಕಟ್ಟುವವರು ಮಾಡುವುದೂ ಅದನ್ನೇ. ಗಂಟಿನ ಮೇಲೆ ಸಿಕ್ಕಿಸಲು ಡಿಸೆಂಬರಲ್ಲಿ ತೋಟದಲ್ಲೇ ಬೇಕಾದಷ್ಟಿದೆ. ಸಿಲ್ವರ್ ಓಕ್ ಎಲೆಯನ್ನು ಮಗುಚಿ ನೋಡಿ, ಅಡಿಭಾಗ ಬೆಳ್ಳಿಯ ಹಾಗೆ ಇರುತ್ತದೆ. ಅದರ ಪಕ್ಕ ಒಂದು ಎಸಳು ಕೆಂಪು ಕಾಫಿ ಹಣ್ಣು ಇಟ್ಟರೆ ಯಾವ ರಿಬ್ಬನ್ನೂ ಅದಕ್ಕೆ ಸಮ ಅಲ್ಲ.

ಅಂದೇ ಕೊಡುವ ತಿಂಡಿಗೆ ಬಾಳೆಎಲೆ ಬಾಡಿಸಿ ಸುತ್ತಿ, ಹರಿಯುವುದಿಲ್ಲ. ಪುಸ್ತಕ, ಆಟಿಕೆಗಾದರೆ ನಿನ್ನೆಯ 'ಶಕ್ತಿ' ಪತ್ರಿಕೆ ಚೆನ್ನಾಗಿರುತ್ತದೆ. ತಿಂಡಿಗೆ ಮಾತ್ರ ಪತ್ರಿಕೆ ತಾಗಿಸಬೇಡಿ, ಶಾಯಿ ಒಳ್ಳೆಯದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಜೇನು ಅಥವಾ ಹಣ್ಣಿನಿಂದ ಮಾಡುವ ನಮ್ಮ ಕಪ್ಪು ಹುಳಿ ಕಾಚಂಪುಳಿ ಗಾಜಿನ ಬಾಟಲಿಯಲ್ಲಿದ್ದರೆ ಸುತ್ತುವುದೇ ಬೇಡ. ಆ ಬಣ್ಣವನ್ನು ಯಾಕೆ ಮುಚ್ಚಬೇಕು?

ಹೋಂಸ್ಟೇ ನಡೆಸುವವರಿಗೆ ಒಂದು ಮಾತು. ಕಾಫಿ ಪುಡಿಗೆ ಗಾಳಿಯಾಡದ ಪ್ಯಾಕೆಟ್ ಬೇಕೇ ಬೇಕು, ಇಲ್ಲದಿದ್ದರೆ ಘಮ ಹೋಗುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಮೇಲೆ ಮತ್ತೊಂದು ಹೊಳೆಯುವ ಕವರು, ಅದಕ್ಕೊಂದು ಪ್ಲಾಸ್ಟಿಕ್ ಹೂವು ಯಾವುದಕ್ಕೂ ಉಪಯೋಗವಿಲ್ಲ. ಪರಿಸರ ಸ್ನೇಹಿ ಎಂದು ಆನ್‌ಲೈನಲ್ಲಿ ಕಂದು ಕಾಗದ ತರಿಸುವವರಿಗೂ ಇದೇ ಮಾತು. ಎಷ್ಟೋ ಸಲ ಅದು ಬರುವುದೇ ಗುಳ್ಳೆ ಪ್ಲಾಸ್ಟಿಕ್ಕಿನ ಕವರಿನೊಳಗೆ. ಮನೆಯಲ್ಲಿ ಇರುವುದರಿಂದ ಶುರು ಮಾಡಿ.

ನಿಜವಾದ ತೊಡಕು ಇರುವುದು ನಾಚಿಕೆಯಲ್ಲಿ. ಹಳೆ ಬಟ್ಟೆಯಲ್ಲಿ ಕಟ್ಟಿಕೊಟ್ಟರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು. ನನಗೂ ಇತ್ತು. ಕಳೆದ ಕ್ರಿಸ್‌ಮಸ್‌ಗೆ ವಿರಾಜಪೇಟೆಯ ಗೆಳತಿಯ ಮನೆಗೆ ಹೋಗುವಾಗ ಅಮ್ಮನ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಒಂದು ಜಾಡಿ ಜೇನು ಕಟ್ಟಿದ್ದೆ. ಬಾಗಿಲಲ್ಲಿ ಕೊಡುವಾಗ ಕೈ ಹಿಂಜರಿಯಿತು. ಅವಳು ಗಂಟನ್ನು ನಿಧಾನವಾಗಿ ಬಿಚ್ಚಿದಳು, ಬಟ್ಟೆಯನ್ನು ಮಡಚಿ ಎತ್ತಿಟ್ಟಳು. ಇದು ನಿಮ್ಮ ಅಮ್ಮನ ಸೀರೆ ಅಲ್ವಾ ಎಂದು ಕೇಳಿದಳು. ಜೇನಿಗಿಂತ ಜಾಸ್ತಿ ಹೊತ್ತು ಆ ಸೀರೆಯ ಬಗ್ಗೆಯೇ ಮಾತಾಡಿದೆವು.

ಈ ಸಲ ಪುತ್ತರಿಗೆ ಅವಳು ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಕಿತ್ತಳೆ ಹಣ್ಣಿನ ಗಂಟು. ಅದೇ ನೀಲಿ ಬಟ್ಟೆ.